ತಡೆದದ್ದೂ ಕೋರ್ಟ್, ಕತ್ತರಿಸಿದ್ದೂ ಕೋರ್ಟ್, ಮತ್ತೆ ತಡೆದದ್ದೂ ಕೋರ್ಟ್: ಅಮೆರಿಕದ ಫೆಡರಲ್ ನ್ಯಾಯಾಂಗ ನಡೆಯುವ ಬಗೆ

ಅಮೆರಿಕದಲ್ಲಿ ಹುಟ್ಟುವ ಮಕ್ಕಳ ಪೌರತ್ವದ ಬಗ್ಗೆ 2025ರಲ್ಲಿ ಬಂದ ಸುದ್ದಿಗಳನ್ನು ತಾರೀಖಿನ ಪ್ರಕಾರ ಜೋಡಿಸಿಟ್ಟರೆ ತಲೆ ತಿರುಗುತ್ತದೆ. ಜನವರಿ 20ರಂದು ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಅಂಥ ಕೆಲವು ಮಕ್ಕಳಿಗೆ ಪೌರತ್ವ ನಿರಾಕರಿಸುವ ಆದೇಶಕ್ಕೆ ಸಹಿ ಹಾಕಿದರು. ಜನವರಿ 23ರಂದು ಸಿಯಾಟಲ್‌ನ ನ್ಯಾಯಾಧೀಶರೊಬ್ಬರು ಅದನ್ನು ತಡೆದರು. ಕೆಳಗಿನ ನ್ಯಾಯಾಧೀಶರಿಗೆ ಹೀಗೆ ಇಡೀ ದೇಶಕ್ಕೆ ಅನ್ವಯವಾಗುವ ತಡೆಯಾಜ್ಞೆ ಕೊಡುವ ಅಧಿಕಾರ ಇಲ್ಲ ಎಂದು ಜೂನ್ 27ರಂದು ಸುಪ್ರೀಂ ಕೋರ್ಟ್ ಹೇಳಿತು. ಜುಲೈ 10ರಂದು ನ್ಯೂ ಹ್ಯಾಂಪ್‌ಷೈರ್‌ನ ಇನ್ನೊಬ್ಬ ಕೆಳಗಿನ ನ್ಯಾಯಾಧೀಶರು, ಇಡೀ ದೇಶಕ್ಕೆ ಅನ್ವಯವಾಗುವಂತೆಯೇ, ಮತ್ತೆ ತಡೆದರು. ಡಿಸೆಂಬರ್ 5ರಂದು ಸುಪ್ರೀಂ ಕೋರ್ಟ್ ಈ ಎರಡನೇ ತಡೆಯ ಮೊಕದ್ದಮೆಯನ್ನೇ ವಿಚಾರಣೆಗೆ ಎತ್ತಿಕೊಂಡಿತು.

ಸುಪ್ರೀಂ ಕೋರ್ಟೇ ಬೇಡ ಎಂದಮೇಲೆ ಹದಿಮೂರು ದಿನದಲ್ಲಿ ಒಬ್ಬ ಜಿಲ್ಲಾ ನ್ಯಾಯಾಧೀಶ ಅದನ್ನೇ ಮಾಡಿದ್ದು ಹೇಗೆ? ಅದು ಧಿಕ್ಕಾರವೇ? ಧಿಕ್ಕಾರವಲ್ಲದಿದ್ದರೆ ಜೂನ್ 27ರ ತೀರ್ಪಿಗೆ ಅರ್ಥವಾದರೂ ಏನು? ಇದಕ್ಕೆ ಉತ್ತರ ಬೇಕಾದರೆ ಅಮೆರಿಕದ ಕೋರ್ಟ್‌ಗಳಲ್ಲಿ ಯಾವುದು ಮೇಲೆ, ಯಾವುದು ಕೆಳಗೆ ಎಂದು ತಿಳಿದರೆ ಸಾಲದು. ಒಂದು ತಡೆಯಾಜ್ಞೆಯ ನೆರಳು ಯಾರ ಯಾರ ಮೇಲೆ ಬೀಳುತ್ತದೆ ಎಂಬುದನ್ನು ನೋಡಬೇಕು. ಇಡೀ ವರ್ಷದ ಜಗಳ ನಡೆದದ್ದು ಆ ನೆರಳಿನ ಅಳತೆಯ ಮೇಲೆ. ಅಧ್ಯಕ್ಷರ ಆದೇಶ ಸರಿಯೋ ತಪ್ಪೋ ಎಂಬ ಮೂಲ ಪ್ರಶ್ನೆಯನ್ನು ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಮುಟ್ಟಲೇ ಇಲ್ಲ.

ಆದೇಶದಲ್ಲಿ ಏನಿದೆ, ನಮ್ಮವರಿಗೆ ಯಾಕೆ ತಟ್ಟುತ್ತದೆ

ಆದೇಶದ ಸಂಖ್ಯೆ 14160. ಮಗು ಹುಟ್ಟುವ ಹೊತ್ತಿಗೆ ತಾಯಿ ಅಮೆರಿಕದಲ್ಲಿ ಅಕ್ರಮವಾಗಿ ಇದ್ದರೆ, ಅಥವಾ ಸಕ್ರಮವಾಗಿದ್ದೂ ತಾತ್ಕಾಲಿಕ ವೀಸಾದ ಮೇಲಿದ್ದರೆ, ಜೊತೆಗೆ ತಂದೆ ಅಮೆರಿಕದ ಪ್ರಜೆಯೂ ಅಲ್ಲ, ಗ್ರೀನ್ ಕಾರ್ಡ್ ಇದ್ದವರೂ ಅಲ್ಲ ಎಂದಾದರೆ, ಆ ಮಗುವನ್ನು ಅಮೆರಿಕದ ಪ್ರಜೆ ಎಂದು ಫೆಡರಲ್ ಇಲಾಖೆಗಳು ಒಪ್ಪಬಾರದು. ಇದಿಷ್ಟು ಅದರ ತಿರುಳು.

ಅಕ್ರಮ ವಲಸೆಯ ಮಾತು ತಲೆಬರಹಕ್ಕೆ ಬಂತು, "ತಾತ್ಕಾಲಿಕ ವೀಸಾ" ಎಂಬ ಎರಡನೇ ಮಾತು ಹಿಂದೆ ಉಳಿಯಿತು. ಆದರೆ ಕನ್ನಡಿಗರ ಮನೆಗಳಿಗೆ ತಟ್ಟುವುದು ಅದೇ. ಉದ್ಯೋಗದ ಎಚ್-1ಬಿ, ಅವರ ಪತಿ–ಪತ್ನಿ, ಮಕ್ಕಳ ಎಚ್-4, ವಿದ್ಯಾರ್ಥಿಗಳ ಎಫ್-1 ಎಲ್ಲವೂ ತಾತ್ಕಾಲಿಕ ವೀಸಾಗಳೇ. ಮಂಜೂರಾಗುವ ಎಚ್-1ಬಿ ಅರ್ಜಿಗಳಲ್ಲಿ ಶೇ 70ಕ್ಕೂ ಹೆಚ್ಚು ಭಾರತದಲ್ಲಿ ಹುಟ್ಟಿದವರದು. ಉದ್ಯೋಗ ಆಧಾರಿತ ಗ್ರೀನ್ ಕಾರ್ಡ್‌ಗಳಲ್ಲಿ ಯಾವ ಒಂದು ದೇಶದವರಿಗೂ ವರ್ಷಕ್ಕೆ ಸುಮಾರು ಶೇ 7ಕ್ಕಿಂತ ಹೆಚ್ಚು ಸಿಗಬಾರದು ಎಂಬ ಮಿತಿ ಇರುವುದರಿಂದ ಭಾರತೀಯರ ಸರದಿ ದಶಕಗಟ್ಟಲೆ ಉದ್ದವಾಗಿದೆ. ಹತ್ತು ಹದಿನೈದು ವರ್ಷ ದುಡಿದು, ತೆರಿಗೆ ಕಟ್ಟಿ, ಮನೆ ಕೊಂಡವರೂ ಕಾಗದದ ಮೇಲೆ "ತಾತ್ಕಾಲಿಕ". ಆದೇಶ ಜಾರಿಯಾದರೆ ಅಂಥವರಿಗೆ ಹುಟ್ಟುವ ಮಗುವೂ ಅದೇ ಸರದಿಯ ಬಾಲದಲ್ಲಿ ನಿಲ್ಲಬೇಕಾಗುತ್ತದೆ.

ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿದ ಒಂದು ಭಯವನ್ನು ಇಲ್ಲೇ ನಿವಾರಿಸಬಹುದು. ಆದೇಶ ಅನ್ವಯವಾಗುವುದು ಸಹಿ ಬಿದ್ದ 30 ದಿನಗಳ ನಂತರ ಹುಟ್ಟುವವರಿಗೆ ಮಾತ್ರ. ಅದಕ್ಕೂ ಮೊದಲು ಹುಟ್ಟಿ ಪೌರತ್ವ ಪಡೆದ ಮಕ್ಕಳನ್ನು ಅದು ಮುಟ್ಟುವುದಿಲ್ಲ.

"ಜಿಲ್ಲಾ ಕೋರ್ಟ್" ಎಂಬ ಅನುವಾದದ ಪೇಚು

ಗೊಂದಲದ ಅರ್ಧ ಭಾಗ ಹುಟ್ಟಿದ್ದು ಅನುವಾದದಲ್ಲಿ. "ಡಿಸ್ಟ್ರಿಕ್ಟ್ ಕೋರ್ಟ್" ಎಂಬುದನ್ನು ನಮ್ಮ ಪತ್ರಿಕೆಗಳು "ಜಿಲ್ಲಾ ನ್ಯಾಯಾಲಯ" ಎಂದು ಬರೆಯುತ್ತವೆ. ಓದುವವರ ಕಣ್ಣ ಮುಂದೆ ತುಮಕೂರಿನದೋ ಹಾಸನದ್ದೋ ಜಿಲ್ಲಾ ಕೋರ್ಟ್ ಬಂದು ನಿಲ್ಲುತ್ತದೆ. ಅಲ್ಲಿನ ನ್ಯಾಯಾಧೀಶರು ಪ್ರಧಾನಿಯ ನಿರ್ಧಾರವನ್ನು ದೇಶದಾದ್ಯಂತ ನಿಲ್ಲಿಸಿದರು ಎಂದರೆ ಯಾರಿಗೆ ತಾನೇ ನಂಬಿಕೆ ಬಂದೀತು?

ಅಮೆರಿಕದ ಫೆಡರಲ್ ಡಿಸ್ಟ್ರಿಕ್ಟ್‌ಗಳು ಆಡಳಿತದ ಜಿಲ್ಲೆಗಳಲ್ಲ. ಇಡೀ ದೇಶದಲ್ಲಿ ಇರುವುದು 94. ನ್ಯೂ ಹ್ಯಾಂಪ್‌ಷೈರ್ ರಾಜ್ಯವೆಲ್ಲ ಸೇರಿ ಒಂದೇ ಡಿಸ್ಟ್ರಿಕ್ಟ್. ಟೆಕ್ಸಾಸ್, ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್‌ಗಳಂಥ ದೊಡ್ಡ ರಾಜ್ಯಗಳಿಗೆ ನಾಲ್ಕು ನಾಲ್ಕು. ಅಧಿಕಾರದ ತೂಕ ನೋಡಿದರೆ ಅಲ್ಲಿನ ಡಿಸ್ಟ್ರಿಕ್ಟ್ ನ್ಯಾಯಾಧೀಶರಿಗೆ ನಮ್ಮಲ್ಲಿ ಹತ್ತಿರದ ಹೋಲಿಕೆ ಹೈಕೋರ್ಟ್‌ನ ಏಕಸದಸ್ಯ ಪೀಠ. ಸಾಕ್ಷಿ ವಿಚಾರಣೆ ನಡೆಸುವ ಕೆಳಹಂತದ ಕೆಲಸವೂ ಅವರದೇ, ಸಂಸತ್ತಿನ ಕಾಯ್ದೆ ಸಂವಿಧಾನಕ್ಕೆ ವಿರುದ್ಧ ಎಂದು ಹೇಳುವ ಅಧಿಕಾರವೂ ಅವರದೇ. ಸರ್ಕಾರದ ಆದೇಶವನ್ನು ಹೈಕೋರ್ಟ್‌ನ ಏಕಸದಸ್ಯ ಪೀಠ ತಡೆಯಿತು ಎಂದರೆ ನಮಗೆ ಆಶ್ಚರ್ಯವಾಗುವುದಿಲ್ಲ. ಕೇಂದ್ರದ ಕಾಯ್ದೆಯೊಂದರ ಸಿಂಧುತ್ವದ ಬಗ್ಗೆ ಒಂದು ಹೈಕೋರ್ಟ್ ಕೊಡುವ ಆದೇಶ, ಮಧ್ಯಂತರದ್ದಾದರೂ, ಆ ಕಾಯ್ದೆ ಜಾರಿಯಿರುವ ದೇಶದ ಉದ್ದಗಲಕ್ಕೂ ನಡೆಯುತ್ತದೆ ಎಂದು ನಮ್ಮ ಸುಪ್ರೀಂ ಕೋರ್ಟೇ 2004ರ ಕುಸುಮ್ ಇಂಗಾಟ್ಸ್ ಪ್ರಕರಣದಲ್ಲಿ ಹೇಳಿದೆ. ಅಮೆರಿಕದಲ್ಲಿ ಹೊತ್ತಿ ಉರಿದ ಪ್ರಶ್ನೆ ಇದರದೇ ದಾಯಾದಿ.

ಡಿಸ್ಟ್ರಿಕ್ಟ್‌ನ ಮೇಲೆ ಮೇಲ್ಮನವಿ ಕೋರ್ಟ್‌ಗಳಿವೆ, "ಸರ್ಕ್ಯೂಟ್" ಎಂದು ಕರೆಯುತ್ತಾರೆ. ಹಿಂದೆ ನ್ಯಾಯಮೂರ್ತಿಗಳು ಕುದುರೆ ಏರಿ ಊರೂರು ಸುತ್ತಿ ಕಲಾಪ ನಡೆಸುತ್ತಿದ್ದ ಕಾಲದಿಂದ ಉಳಿದ ಹೆಸರು ಅದು. ಪ್ರದೇಶವಾರು 12, ಪೇಟೆಂಟ್‌ನಂಥ ವಿಷಯಗಳಿಗೆ ಇನ್ನೊಂದು, ಒಟ್ಟು 13. ಸಾಮಾನ್ಯವಾಗಿ ಮೂವರ ಪೀಠ ಕೂರುತ್ತದೆ. ಒಂದು ಸರ್ಕ್ಯೂಟ್‌ನ ತೀರ್ಪು ಅದರ ವ್ಯಾಪ್ತಿಯ ಡಿಸ್ಟ್ರಿಕ್ಟ್‌ಗಳನ್ನಷ್ಟೇ ಕಟ್ಟಿಹಾಕುತ್ತದೆ, ಪಕ್ಕದ ಸರ್ಕ್ಯೂಟ್ ಅದಕ್ಕೆ ತದ್ವಿರುದ್ಧ ಹೇಳಬಹುದು. ತುದಿಯಲ್ಲಿ ಒಂಬತ್ತು ಜನರ ಸುಪ್ರೀಂ ಕೋರ್ಟ್. ನಮ್ಮಲ್ಲಿ ಇಬ್ಬರು ಮೂವರ ಪೀಠಗಳು ಬೇರೆ ಬೇರೆ ಕೊಠಡಿಗಳಲ್ಲಿ ನಡೆಯುತ್ತವೆ, ಅಲ್ಲಿ ಒಂಬತ್ತೂ ಜನ ಒಟ್ಟಿಗೇ ಕೂರುತ್ತಾರೆ. ವರ್ಷಕ್ಕೆ ಸಾವಿರಾರು ಅರ್ಜಿ ಬಂದರೂ ಪೂರ್ಣ ವಾದ ಕೇಳಿ ತೀರ್ಮಾನಿಸುವುದು ಅರವತ್ತರ ಆಸುಪಾಸು. ನಾಲ್ವರು ಒಪ್ಪಿದರೆ ಮಾತ್ರ ಅರ್ಜಿ ಒಳಕ್ಕೆ.

ಒಂದೇ ಊರಿನಲ್ಲಿ ಎರಡು ಕೋರ್ಟ್

ಇನ್ನೊಂದು ವ್ಯತ್ಯಾಸವನ್ನು ಬೇಗ ಹೇಳಿ ಮುಂದೆ ಹೋಗಬಹುದು. ನಮ್ಮಲ್ಲಿ ರಾಜ್ಯದ ಕಾಯ್ದೆಯಾಗಲಿ ಕೇಂದ್ರದ ಕಾಯ್ದೆಯಾಗಲಿ, ಮೊಕದ್ದಮೆ ನಡೆಯುವುದು ಒಂದೇ ಕೋರ್ಟ್‌ಗಳ ಸಾಲಿನಲ್ಲಿ. ಅಮೆರಿಕದಲ್ಲಿ ಎರಡು ಪ್ರತ್ಯೇಕ ಸಾಲುಗಳಿವೆ. ಕೊಲೆ, ಕಳ್ಳತನ, ವಿಚ್ಛೇದನ, ಆಸ್ತಿ ಜಗಳ, ಬಾಡಿಗೆ ತಕರಾರು ಎಲ್ಲ ಹೆಚ್ಚಾಗಿ ರಾಜ್ಯದ ಕೋರ್ಟ್‌ಗೆ. ಬಹುಪಾಲು ವ್ಯಾಜ್ಯ ಅಲ್ಲೇ ಮುಗಿಯುತ್ತದೆ. ಸಂವಿಧಾನದ ಪ್ರಶ್ನೆ, ಫೆಡರಲ್ ಕಾಯ್ದೆ, ಫೆಡರಲ್ ಸರ್ಕಾರವೇ ಕಕ್ಷಿದಾರನಾದ ಪ್ರಕರಣ, ಬೇರೆ ಬೇರೆ ರಾಜ್ಯದವರ ನಡುವಿನ 75,000 ಡಾಲರ್‌ಗೆ ಮೀರಿದ ದಾವೆ, ದಿವಾಳಿ, ಪೇಟೆಂಟ್ ಇವು ಫೆಡರಲ್ ಕೋರ್ಟ್‌ನ ಪಾಲು. ಪೌರತ್ವ ಮತ್ತು ವಲಸೆ ಫೆಡರಲ್ ವಿಷಯವಾದ್ದರಿಂದ ಈ ಜಗಳವೆಲ್ಲ ಎರಡನೇ ಸಾಲಿನಲ್ಲಿ ನಡೆಯಿತು.

ನ್ಯಾಯಾಧೀಶರಿಗೆ ಭಯವಿಲ್ಲ ಯಾಕೆ

ಸಂವಿಧಾನದ ಮೂರನೇ ವಿಧಿ ಈ ಕೋರ್ಟ್‌ಗಳ ಬೇರು. ಅದು ನೇರವಾಗಿ ಹುಟ್ಟುಹಾಕಿದ್ದು ಸುಪ್ರೀಂ ಕೋರ್ಟ್ ಒಂದನ್ನೇ, ಉಳಿದವನ್ನು ಬೇಕಾದಂತೆ ಕಟ್ಟಿಕೊಳ್ಳಲು ಸಂಸತ್ತಿಗೆ, ಅಂದರೆ ಕಾಂಗ್ರೆಸ್‌ಗೆ ಬಿಟ್ಟಿತು. 1789ರ ನ್ಯಾಯಾಂಗ ಕಾಯ್ದೆ 13 ಡಿಸ್ಟ್ರಿಕ್ಟ್, 3 ಸರ್ಕ್ಯೂಟ್, ಆರು ಜನರ ಸುಪ್ರೀಂ ಕೋರ್ಟ್ ಮಾಡಿತು. ಆ ಆರು ಒಂಬತ್ತಾಗಿ ನಿಂತದ್ದು 1869ರಲ್ಲಿ. 1789ರ ಈ ಕಾಯ್ದೆಯನ್ನು ನೆನಪಿಡಿ, ಮುಂದೆ ಇದೇ ಕಥೆಯ ಕೀಲಿಕೈಯಾಗುತ್ತದೆ.

ಅಧ್ಯಕ್ಷರು ಹೆಸರಿಸಿ, ಸೆನೆಟ್ ಒಪ್ಪಿದ ಮೇಲೆ ಫೆಡರಲ್ ನ್ಯಾಯಾಧೀಶರು ಆಜೀವ ಪದವಿಯಲ್ಲಿರುತ್ತಾರೆ. ನಮ್ಮಲ್ಲಿ ಹೈಕೋರ್ಟ್‌ಗೆ 62, ಸುಪ್ರೀಂ ಕೋರ್ಟ್‌ಗೆ 65 ನಿವೃತ್ತಿಯ ವಯಸ್ಸು, ಅಲ್ಲಿ ಅಂಥದ್ದಿಲ್ಲ. ಸಂಬಳ ಇಳಿಸುವಂತಿಲ್ಲ, ವರ್ಗಾವಣೆಯ ಬೆದರಿಕೆ ಇಲ್ಲ. ತೆಗೆಯಲು ಇರುವ ದಾರಿ ವಾಗ್ದಂಡನೆ ಒಂದೇ. ಇನ್ನೂರ ಮೂವತ್ತಕ್ಕೂ ಹೆಚ್ಚು ವರ್ಷಗಳಲ್ಲಿ ಹಾಗೆ ಪದವಿ ಕಳೆದುಕೊಂಡ ಫೆಡರಲ್ ನ್ಯಾಯಾಧೀಶರು ಎಂಟೇ ಜನ. ಕೊಟ್ಟ ತೀರ್ಪು ಹಿಡಿಸಲಿಲ್ಲ ಎಂಬ ಕಾರಣಕ್ಕೆ ತೆಗೆಯುವ ಪರಿಪಾಠ 1805ರಲ್ಲೇ ಮುರಿದುಬಿತ್ತು. ಆ ವರ್ಷ ನ್ಯಾಯಮೂರ್ತಿ ಸ್ಯಾಮ್ಯುಯೆಲ್ ಚೇಸ್ ಅವರನ್ನು ಸೆನೆಟ್ ಖುಲಾಸೆ ಮಾಡಿತು. 2025ರ ಮಾರ್ಚ್‌ನಲ್ಲಿ ಗಡಿಪಾರು ವಿಮಾನಗಳ ವಿಷಯದಲ್ಲಿ ಅಡ್ಡಬಂದ ನ್ಯಾಯಾಧೀಶ ಜೇಮ್ಸ್ ಬೋಸ್‌ಬರ್ಗ್ ಅವರನ್ನು ವಾಗ್ದಂಡನೆಗೆ ಒಳಪಡಿಸಬೇಕೆಂದು ಟ್ರಂಪ್ ಬರೆದಾಗ, ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಅಪರೂಪಕ್ಕೆ ಬಹಿರಂಗ ಹೇಳಿಕೆ ಕೊಟ್ಟು, ತೀರ್ಪು ಒಪ್ಪದಿದ್ದರೆ ದಾರಿ ಮೇಲ್ಮನವಿಯೇ ಹೊರತು ವಾಗ್ದಂಡನೆಯಲ್ಲ ಎಂದರು.

"ಡೆಮಾಕ್ರಟ್ ನ್ಯಾಯಾಧೀಶರು ಟ್ರಂಪ್‌ಗೆ ಅಡ್ಡಗಾಲು ಹಾಕಿದರು" ಎಂಬ ವಿವರಣೆ ಈ ಪ್ರಕರಣಕ್ಕೆ ಹೊಂದುವುದಿಲ್ಲ. ಆದೇಶವನ್ನು ಮೊದಲು ತಡೆದ, ಅದನ್ನು ಕಣ್ಣಿಗೆ ರಾಚುವಷ್ಟು ಸಂವಿಧಾನಬಾಹಿರ ಎಂದ ಸಿಯಾಟಲ್‌ನ ಜಾನ್ ಕಫೆನೋರ್ ಅವರನ್ನು ನೇಮಿಸಿದ್ದು ರಿಪಬ್ಲಿಕನ್ ರೊನಾಲ್ಡ್ ರೇಗನ್, 1981ರಲ್ಲಿ. ಜುಲೈನಲ್ಲಿ ಮತ್ತೆ ತಡೆದ ಜೋಸೆಫ್ ಲಾಪ್ಲಾಂಟ್ ಅವರನ್ನು ನೇಮಿಸಿದ್ದು ಜಾರ್ಜ್ ಡಬ್ಲ್ಯು. ಬುಷ್. ಹಾಗೆಂದು ನೇಮಿಸಿದವರ ಪಕ್ಷಕ್ಕೂ ತೀರ್ಪಿಗೂ ನಂಟೇ ಇಲ್ಲ ಎನ್ನುವುದು ಅತಿಯಾದೀತು. ಜೂನ್ 27ರ ತೀರ್ಪಿನಲ್ಲಿ ಆರು–ಮೂರು ಒಡೆದದ್ದು ಕರಾರುವಾಕ್ಕಾಗಿ ಆ ಗೆರೆಯಲ್ಲೇ.

ಬಾಗಿಲಲ್ಲೇ ಕೇಳುವ ಪ್ರಶ್ನೆ: ನಿಮಗೇನು ನಷ್ಟ?

ಅಮೆರಿಕದ ಫೆಡರಲ್ ಕೋರ್ಟ್‌ಗೆ ಸುಮ್ಮನೆ ಹೋಗಿ "ಈ ಕಾಯ್ದೆ ತಪ್ಪು" ಎನ್ನುವಂತಿಲ್ಲ. ನಮ್ಮಲ್ಲಿರುವ ಸಾರ್ವಜನಿಕ ಹಿತಾಸಕ್ತಿ ಅರ್ಜಿಯಂಥದ್ದು ಅಲ್ಲಿ ನಡೆಯುವುದಿಲ್ಲ. ಅರ್ಜಿದಾರನಿಗೆ ಸ್ವತಃ ನಷ್ಟವಾಗಿರಬೇಕು ಅಥವಾ ಆಗುವುದು ಖಚಿತವಾಗಿರಬೇಕು, ಆ ನಷ್ಟ ಪ್ರತಿವಾದಿಯಿಂದಲೇ ಆಗಿರಬೇಕು, ಕೋರ್ಟ್ ಆದೇಶದಿಂದ ಅದು ಸರಿಹೋಗುವಂತಿರಬೇಕು. ಸರ್ಕಾರ ಸಲಹೆ ಕೇಳಿದರೂ ಕೋರ್ಟ್ ಕೊಡುವುದಿಲ್ಲ. 1793ರಲ್ಲಿ ಜಾರ್ಜ್ ವಾಷಿಂಗ್ಟನ್ ಸರ್ಕಾರ ಕೇಳಿದ ಪ್ರಶ್ನೆಗಳನ್ನೇ ಆಗಿನ ನ್ಯಾಯಮೂರ್ತಿಗಳು ವಿನಯದಿಂದ ವಾಪಸ್ ಕಳಿಸಿದ್ದರು. ನಮ್ಮ ಸಂವಿಧಾನದ 143ನೇ ವಿಧಿಯಲ್ಲಿ ರಾಷ್ಟ್ರಪತಿಗಳಿಗಿರುವ ಅವಕಾಶ ಅಲ್ಲಿನ ಅಧ್ಯಕ್ಷರಿಗಿಲ್ಲ.

ಕೋರ್ಟ್ ಇರುವುದು ಇಬ್ಬರ ನಡುವಿನ ಜಗಳ ತೀರಿಸಲು, ಹಾಗೆ ತೀರಿಸುವಾಗ ಅಗತ್ಯ ಬಿದ್ದರೆ ಸಂವಿಧಾನದ ಅರ್ಥ ಹೇಳಲು. ಅಮೆರಿಕದ ಈ ನಂಬಿಕೆಯ ಬೆನ್ನಿಗೇ ಮುಂದಿನ ತರ್ಕವೂ ಬರುತ್ತದೆ. ಜಗಳ ಇಬ್ಬರದಾದರೆ ಪರಿಹಾರವೂ ಆ ಇಬ್ಬರಿಗೆ ತಾನೇ? ಕೋರ್ಟ್‌ಗೆ ಬಾರದವರಿಗೆ ನ್ಯಾಯಾಧೀಶರು ರಕ್ಷಣೆ ಕೊಡಬಹುದೇ?

ಎಲ್ಲರಿಗೂ ಒಂದೇ ತಡೆ: ಬಳಸಿದವರೂ ಬೈದವರೂ ಅವರೇ

ಕೊಡಬಹುದು ಎಂಬ ರೂಢಿ ಕಳೆದ ಹತ್ತು ಹನ್ನೆರಡು ವರ್ಷಗಳಲ್ಲಿ ಬಲವಾಗಿ ಬೆಳೆಯಿತು. 2015ರಲ್ಲಿ ಟೆಕ್ಸಾಸ್‌ನ ಬ್ರೌನ್ಸ್‌ವಿಲ್‌ನ ಒಬ್ಬ ನ್ಯಾಯಾಧೀಶರು ಒಬಾಮ ಅವರ ವಲಸೆ ಯೋಜನೆಯನ್ನು ದೇಶದಾದ್ಯಂತ ನಿಲ್ಲಿಸಿದಾಗ ರಿಪಬ್ಲಿಕನ್ನರಿಗೆ ಹಬ್ಬ, ಡೆಮಾಕ್ರಟರಿಗೆ ಸಂಕಟ. ಟ್ರಂಪ್ ಬಂದಾಗ ತಿರುಗುಮುರುಗು, ಬೈಡನ್ ಬಂದಾಗ ಮತ್ತೆ ತಿರುಗುಮುರುಗು. ಯಾರು ಅಧಿಕಾರದಲ್ಲಿರುತ್ತಾರೋ ಅವರಿಗೆ ಇದು ನ್ಯಾಯಾಂಗದ ಅತಿರೇಕ, ವಿರೋಧದಲ್ಲಿರುವವರಿಗೆ ಸಂವಿಧಾನದ ರಕ್ಷಣೆ. ಎರಡನೇ ಟ್ರಂಪ್ ಆಡಳಿತದ ಮೊದಲ 100 ದಿನಗಳಲ್ಲಿ ಇಂಥ ಸುಮಾರು 25 ತಡೆಯಾಜ್ಞೆಗಳು ಬಂದವು ಎಂದು ಸುಪ್ರೀಂ ಕೋರ್ಟೇ ತನ್ನ ತೀರ್ಪಿನಲ್ಲಿ ಲೆಕ್ಕ ಹೇಳಿದೆ.

ಇದರ ಕೆಟ್ಟ ಮುಖಕ್ಕೆ 2023ರ ಏಪ್ರಿಲ್ 7 ಒಳ್ಳೆಯ ಉದಾಹರಣೆ. ಗರ್ಭಪಾತಕ್ಕೆ ಬಳಸುವ ಮಿಫೆಪ್ರಿಸ್ಟೋನ್ ಮಾತ್ರೆಗೆ 2000ದಲ್ಲಿ ಕೊಟ್ಟಿದ್ದ ಅನುಮತಿಯನ್ನು ಟೆಕ್ಸಾಸ್‌ನ ಅಮರಿಲ್ಲೊದ ನ್ಯಾಯಾಧೀಶರು ಇಡೀ ದೇಶಕ್ಕೆ ಅಮಾನತು ಮಾಡಿದರು. ಅದೇ ದಿನ ವಾಷಿಂಗ್ಟನ್ ರಾಜ್ಯದ ಸ್ಪೋಕೇನ್‌ನ ನ್ಯಾಯಾಧೀಶರು, ದಾವೆ ಹೂಡಿದ್ದ ರಾಜ್ಯಗಳಲ್ಲಿ ಆ ಮಾತ್ರೆಯ ಲಭ್ಯತೆಯನ್ನು ಬದಲಿಸಕೂಡದು ಎಂದು ಆಜ್ಞೆ ಮಾಡಿದರು. ಔಷಧ ಇಲಾಖೆ ಯಾರ ಮಾತು ಕೇಳಬೇಕು? ಅಮರಿಲ್ಲೊದಲ್ಲಿ ಹೂಡಿದ ಸಿವಿಲ್ ದಾವೆಗಳು ಹೆಚ್ಚೂಕಡಿಮೆ ಒಬ್ಬರೇ ನ್ಯಾಯಾಧೀಶರ ಮುಂದೆ ಹೋಗುತ್ತಿದ್ದವು ಎಂಬುದು ದಾವೆ ಹೂಡುವವರಿಗೆ ಚೆನ್ನಾಗಿ ಗೊತ್ತಿತ್ತು. ಹೀಗೆ ಬೇಕಾದ ನ್ಯಾಯಾಧೀಶರ ಬಾಗಿಲನ್ನು ಹುಡುಕಿಕೊಂಡು ಹೋಗುವುದು ಎರಡೂ ಕಡೆಯವರ ಚಾಳಿ. ಆ ಪ್ರಕರಣ ಕೊನೆಗೆ 2024ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್‌ನಲ್ಲಿ ಬಿದ್ದುಹೋಯಿತು. ಅರ್ಜಿ ಹಾಕಿದ ವೈದ್ಯರಿಗೆ ಸ್ವಂತ ನಷ್ಟವೇ ಇಲ್ಲ ಎಂದು ಒಂಬತ್ತೂ ಜನ ಒಪ್ಪಿದರು.

ಒಳ್ಳೆಯ ಮುಖವೂ ಅಷ್ಟೇ ಸ್ಪಷ್ಟ. ಪೌರತ್ವದ ಆದೇಶದ ವಿರುದ್ಧ 22 ರಾಜ್ಯಗಳು ದಾವೆ ಹೂಡಿದ್ದವು, ಟೆಕ್ಸಾಸ್ ಹೂಡಿರಲಿಲ್ಲ. ರಕ್ಷಣೆ ಕಕ್ಷಿದಾರರಿಗಷ್ಟೇ ಎಂದಾದರೆ ದಾವೆ ಹೂಡಿದ ನ್ಯೂಜೆರ್ಸಿಯ ಆಸ್ಪತ್ರೆಯಲ್ಲಿ ಹುಟ್ಟಿದ ಮಗು ಪ್ರಜೆ, ಟೆಕ್ಸಾಸ್‌ನ ಡಲ್ಲಾಸ್‌ನಲ್ಲಿ ಹುಟ್ಟಿದ ಅದರ ಚಿಕ್ಕಪ್ಪನ ಮಗು ಪ್ರಜೆಯಲ್ಲ. ಪೌರತ್ವ ಎಂಬುದು ರಾಜ್ಯದ ಗಡಿ ದಾಟಿದಾಗ ಬದಲಾಗುವ ಮಾರಾಟ ತೆರಿಗೆಯಂತಾಗುತ್ತದೆ.

ಜೂನ್ 27: ಗೆದ್ದವರು ಯಾರು?

ಸರ್ಕಾರ ಇಲ್ಲಿ ಹೂಡಿದ ತಂತ್ರ ಗಮನಿಸುವಂಥದ್ದು. ಸಿಯಾಟಲ್, ಮೇರಿಲ್ಯಾಂಡ್, ಬಾಸ್ಟನ್ ಮೂರೂ ಕಡೆ ಸೋತು, ಮೂರೂ ಸರ್ಕ್ಯೂಟ್‌ಗಳಲ್ಲಿ ತಡೆ ತೆರವಾಗದೆ ಹೋದ ಮೇಲೆ, 2025ರ ಮಾರ್ಚ್‌ನಲ್ಲಿ ಅದು ಸುಪ್ರೀಂ ಕೋರ್ಟ್‌ಗೆ ಬಂತು. ಆದರೆ "ನಮ್ಮ ಆದೇಶ ಸರಿ ಎಂದು ಹೇಳಿ" ಎಂದು ಕೇಳಲಿಲ್ಲ. "ತಡೆಯನ್ನು ಅರ್ಜಿ ಹಾಕಿದವರಿಗಷ್ಟೇ ಸೀಮಿತಗೊಳಿಸಿ" ಎಂದಷ್ಟೇ ಕೇಳಿತು. ಮೂಲ ಪ್ರಶ್ನೆಯಲ್ಲಿ ಕಾಲು ಗಟ್ಟಿಯಿಲ್ಲದಾಗ ಅಂಚಿನ ಪ್ರಶ್ನೆಯಲ್ಲಿ ಗೆಲ್ಲುವ ಜಾಣತನ ಇದು.

ಆ ಅಂಚಿನ ಪ್ರಶ್ನೆಯಲ್ಲಿ ಅದು ಗೆದ್ದಿತು. ಬಹುಮತದ ತೀರ್ಪು ಬರೆದ ನ್ಯಾಯಮೂರ್ತಿ ಏಮಿ ಕೋನಿ ಬ್ಯಾರೆಟ್ ಕೈಗೆತ್ತಿಕೊಂಡದ್ದು 1789ರ ಆ ಕಾಯ್ದೆಯನ್ನೇ. ಫೆಡರಲ್ ಕೋರ್ಟ್‌ಗಳಿಗೆ ತಡೆಯಾಜ್ಞೆಯ ಅಧಿಕಾರ ಬಂದದ್ದು ಅದರಿಂದ. ಹಾಗಾಗಿ 1789ರ ಹೊತ್ತಿಗೆ ಇಂಗ್ಲೆಂಡಿನ ಚಾನ್ಸರಿ ಕೋರ್ಟ್ (ತಡೆಯಾಜ್ಞೆಯಂಥ ಪರಿಹಾರ ಕೊಡುತ್ತಿದ್ದ ಕೋರ್ಟ್) ಏನು ಕೊಡುತ್ತಿತ್ತೋ ಅದೇ ಜಾತಿಯ ಪರಿಹಾರವನ್ನು ಇವರೂ ಕೊಡಬಹುದು. ದಾವೆಯಲ್ಲಿ ಇಲ್ಲದ ಎಲ್ಲರಿಗೂ ಅನ್ವಯವಾಗುವ ತಡೆ ಆಗ ಇರಲಿಲ್ಲ, ಆದ್ದರಿಂದ ಈಗಲೂ ಇಲ್ಲ. ಅರ್ಜಿದಾರನಿಗೆ ಪೂರ್ಣ ಪರಿಹಾರ ಸಿಗಬೇಕು, ಅದಕ್ಕಿಂತ ಆಚೆ ಹೋಗಬಾರದು. ಸೊನಿಯಾ ಸೊಟೊಮಯೋರ್, ಎಲೆನಾ ಕೇಗನ್, ಕೆಟಾಂಜಿ ಬ್ರೌನ್ ಜ್ಯಾಕ್ಸನ್ ಒಪ್ಪಲಿಲ್ಲ. ವಕೀಲರನ್ನು ಹಿಡಿದು ಕೋರ್ಟ್ ಮೆಟ್ಟಿಲೇರಲು ಆಗದವರ ಮೇಲೆ ಸರ್ಕಾರ ಸಂವಿಧಾನಬಾಹಿರ ಆದೇಶವನ್ನು ಚಲಾಯಿಸುತ್ತ ಹೋಗಬಹುದು ಎಂಬುದು ಭಿನ್ನ ತೀರ್ಪಿನ ಆತಂಕ.

ನನ್ನ ಮಟ್ಟಿಗೆ, 236 ವರ್ಷ ಹಿಂದಿನ ಇಂಗ್ಲೆಂಡಿನ ಒಂದು ಕೋರ್ಟಿನ ಪದ್ಧತಿಯನ್ನು ಇಂದಿನ ಫೆಡರಲ್ ಸರ್ಕಾರದ ಅಳತೆಗೆ ಕೋಲಾಗಿ ಹಿಡಿದದ್ದು ಈ ತೀರ್ಪಿನ ದುರ್ಬಲ ಭಾಗ. ಆ ಕಾಲದಲ್ಲಿ ಒಂದು ಸಹಿಯಿಂದ ಇಷ್ಟು ಜನರ ಬದುಕು ಬದಲಿಸಬಲ್ಲ ಅಧ್ಯಕ್ಷರೂ ಇರಲಿಲ್ಲ. ಆದರೆ ಎರಡು ಊರುಗಳಿಂದ ಒಂದೇ ದಿನ ವಿರುದ್ಧ ಆಜ್ಞೆಗಳು ಬರುವ ಸ್ಥಿತಿ ಮುಂದುವರಿಯಲಿ ಎನ್ನುವುದೂ ಕಷ್ಟ.

ತಲೆಬರಹಗಳು "ಟ್ರಂಪ್‌ಗೆ ಗೆಲುವು" ಎಂದವು. ತಪ್ಪಲ್ಲ, ಆದರೆ ಪೂರ್ತಿಯೂ ಅಲ್ಲ. ಅದೇ ತೀರ್ಪು 30 ದಿನ ಆದೇಶ ಜಾರಿಯಾಗದಂತೆ ನೋಡಿಕೊಂಡಿತ್ತು, ಸಾಮೂಹಿಕ ದಾವೆಯ ಬಾಗಿಲನ್ನು ಮುಚ್ಚದೆ ಬಿಟ್ಟಿತ್ತು. ಅದನ್ನು ಕಂಡೇ ನ್ಯಾಯಮೂರ್ತಿ ಸ್ಯಾಮ್ಯುಯೆಲ್ ಅಲಿಟೊ ತಮ್ಮ ಪ್ರತ್ಯೇಕ ಟಿಪ್ಪಣಿಯಲ್ಲಿ ಎಚ್ಚರಿಸಿದ್ದರು: ಕೆಳಗಿನ ಕೋರ್ಟ್‌ಗಳು ಸಾಮೂಹಿಕ ದಾವೆಗಳಿಗೆ ಸಲೀಸಾಗಿ ಒಪ್ಪಿಗೆ ಕೊಟ್ಟರೆ ಈ ತೀರ್ಪಿಗೆ ಬೆಲೆ ಉಳಿಯುವುದಿಲ್ಲ.

ಜುಲೈ 10: ಕಾಂಕರ್ಡ್‌ನಲ್ಲಿ ನಡೆದದ್ದು

ತೀರ್ಪು ಬಂದ ದಿನವೇ ನಾಗರಿಕ ಹಕ್ಕುಗಳ ಸಂಘಟನೆ ಎಸಿಎಲ್‌ಯು ನ್ಯೂ ಹ್ಯಾಂಪ್‌ಷೈರ್‌ನಲ್ಲಿ, ಅದರ ರಾಜಧಾನಿ ಕಾಂಕರ್ಡ್‌ನ ಕೋರ್ಟಿನಲ್ಲಿ, ಹೊಸ ದಾವೆ ಹೂಡಿತು. "ಬಾರ್ಬರಾ" ಎಂಬ ಕಲ್ಪಿತ ಹೆಸರಿನ ತಾಯಿಯೊಬ್ಬರು ಅದರ ಮುಖ್ಯ ಅರ್ಜಿದಾರರು. ಸಾಮೂಹಿಕ ದಾವೆ ಎಂದರೆ ಒಂದೇ ಬಗೆಯ ನಷ್ಟಕ್ಕೆ ಒಳಗಾದ ಎಲ್ಲರ ಪರವಾಗಿ ಕೆಲವರು ಹೂಡುವುದು. ನ್ಯಾಯಾಧೀಶರು ಆ ಗುಂಪನ್ನು ಒಪ್ಪಿ ಪ್ರಮಾಣೀಕರಿಸಿದರೆ, ಗುಂಪಿನ ಪ್ರತಿಯೊಬ್ಬರೂ ಕಾನೂನಿನ ಕಣ್ಣಿಗೆ ಕಕ್ಷಿದಾರರೇ.

ಲಾಪ್ಲಾಂಟ್ ಒಪ್ಪಿದ ಗುಂಪು ಯಾವುದು? 2025ರ ಫೆಬ್ರುವರಿ 20 ಅಥವಾ ನಂತರ ಹುಟ್ಟಿದ, ಹುಟ್ಟಲಿರುವ, ಈ ಆದೇಶದಿಂದ ಪೌರತ್ವ ಕಳೆದುಕೊಳ್ಳುವ ಮಕ್ಕಳು. ತಂದೆತಾಯಂದಿರನ್ನೂ ಸೇರಿಸಿ ಎಂದು ಕೇಳಿದ್ದನ್ನು ಅವರು ಒಪ್ಪಲಿಲ್ಲ, ಮಕ್ಕಳಷ್ಟೇ ಎಂದರು. ಆ ಮಕ್ಕಳು ಅಲಾಸ್ಕದಲ್ಲಿ ಹುಟ್ಟಲಿ, ಆಸ್ಟಿನ್‌ನಲ್ಲಿ ಹುಟ್ಟಲಿ, ಎಲ್ಲರೂ ಈಗ ಕಾಂಕರ್ಡ್‌ನ ಕೋರ್ಟಿನ ಕಕ್ಷಿದಾರರು. "ಕಕ್ಷಿದಾರರಿಗಷ್ಟೇ ಪರಿಹಾರ" ಎಂಬ ಸುಪ್ರೀಂ ಕೋರ್ಟ್ ಮಾತಿಗೆ ಚ್ಯುತಿಯಿಲ್ಲ, ಕಕ್ಷಿದಾರರ ಪಟ್ಟಿ ಮಾತ್ರ ದೇಶದಷ್ಟು ದೊಡ್ಡದಾಯಿತು. ಧಿಕ್ಕಾರದ ಪ್ರಶ್ನೆ ಏಳದಿದ್ದುದು ಈ ಕಾರಣಕ್ಕೆ.

ಇದರಲ್ಲಿ ಒಂದು ಸೋಜಿಗವಿದೆ. ಇದೇ ಲಾಪ್ಲಾಂಟ್ ಫೆಬ್ರುವರಿಯಲ್ಲಿ ಇನ್ನೊಂದು ದಾವೆಯಲ್ಲಿ ಆದೇಶವನ್ನು ತಡೆದಾಗ, ಉಳಿದ ಮೂವರು ನ್ಯಾಯಾಧೀಶರಂತೆ ದೇಶವ್ಯಾಪಿ ತಡೆ ಕೊಟ್ಟಿರಲಿಲ್ಲ. ಅರ್ಜಿ ಹಾಕಿದವರಿಗೆ ಮಾತ್ರ ಸೀಮಿತಗೊಳಿಸಿದ್ದರು. ಅಳೆದು ಸುರಿಯುವ ಸ್ವಭಾವದ ಆ ನ್ಯಾಯಾಧೀಶರ ಕೈಯಿಂದಲೇ ಈಗ ದೇಶವೆಲ್ಲ ಆವರಿಸುವ ತಡೆ ಬಂತು. ಮೇಲ್ಮನವಿಗೆ ಸಮಯ ಸಿಗಲೆಂದು ಅದನ್ನೂ ಏಳು ದಿನ ತಡೆಹಿಡಿದರು.

ಸಾಮೂಹಿಕ ದಾವೆ ಪುಕ್ಕಟೆ ದಾರಿಯಲ್ಲ ಎಂಬುದನ್ನೂ ಹೇಳಬೇಕು. ಎಲ್ಲರ ನಷ್ಟವೂ ಒಂದೇ ಬಗೆಯದು, ಮುಂದೆ ನಿಂತವರು ಉಳಿದವರನ್ನು ಪ್ರಾಮಾಣಿಕವಾಗಿ ಪ್ರತಿನಿಧಿಸುತ್ತಾರೆ ಎಂದು ರುಜುವಾತು ಮಾಡಬೇಕು. ಸೋತರೆ ಇಡೀ ಗುಂಪು ಸೋಲುತ್ತದೆ, ಇನ್ನೊಂದು ಊರಿನಲ್ಲಿ ಮತ್ತೊಮ್ಮೆ ಪ್ರಯತ್ನಿಸೋಣ ಎನ್ನಲಾಗದು. ಹಳೆಯ ದೇಶವ್ಯಾಪಿ ತಡೆಯಲ್ಲಿ ಸರ್ಕಾರ 94 ಕಡೆ ಗೆಲ್ಲಬೇಕಿತ್ತು, ಎದುರಾಳಿಗೆ ಒಂದು ಕಡೆ ಗೆದ್ದರೆ ಸಾಕಿತ್ತು. ಆ ಅಸಮತೋಲ ಈಗ ಸ್ವಲ್ಪ ಕಡಿಮೆಯಾಗಿದೆ.

ಕೊನೆಗೆ ಉಳಿದ ಮೂಲ ಪ್ರಶ್ನೆ

ಜುಲೈ 23ರಂದು ಒಂಬತ್ತನೇ ಸರ್ಕ್ಯೂಟ್, ಅಕ್ಟೋಬರ್ 3ರಂದು ಮೊದಲನೇ ಸರ್ಕ್ಯೂಟ್ ಸಹ ಅಧ್ಯಕ್ಷರ ಆದೇಶದ ವಿರುದ್ಧ ತೀರ್ಪು ಕೊಟ್ಟವು. ಅಂಚಿನ ಪ್ರಶ್ನೆಗಳೆಲ್ಲ ಮುಗಿದು ಸರ್ಕಾರ ಕೊನೆಗೂ ಮೂಲ ಪ್ರಶ್ನೆಯನ್ನೇ ಸುಪ್ರೀಂ ಕೋರ್ಟ್ ಮುಂದಿಟ್ಟಿತು. "ಟ್ರಂಪ್ ವಿರುದ್ಧ ಬಾರ್ಬರಾ" ಎಂಬ ಆ ಪ್ರಕರಣ ಎತ್ತಿಕೊಂಡದ್ದೇ ಡಿಸೆಂಬರ್ 5ರ ಸುದ್ದಿ. ಸುಪ್ರೀಂ ಕೋರ್ಟ್ ತನ್ನ ವರ್ಷದ ದೊಡ್ಡ ತೀರ್ಪುಗಳನ್ನು ಸಾಮಾನ್ಯವಾಗಿ ಜೂನ್ ಕೊನೆಯ ಹೊತ್ತಿಗೆ ಮುಗಿಸುವುದು ವಾಡಿಕೆ.

ಜಗಳ 1868ರ ಹದಿನಾಲ್ಕನೇ ತಿದ್ದುಪಡಿಯ ಒಂದು ಸಾಲಿನದು. ಅಮೆರಿಕದಲ್ಲಿ ಹುಟ್ಟಿದ, "ಅದರ ಅಧಿಕಾರವ್ಯಾಪ್ತಿಗೆ ಒಳಪಟ್ಟ" ಎಲ್ಲರೂ ಪ್ರಜೆಗಳು ಎನ್ನುತ್ತದೆ ಆ ಸಾಲು. ಕರಿಯರು ಪ್ರಜೆಗಳಾಗಲಾರರು ಎಂದ 1857ರ ಡ್ರೆಡ್ ಸ್ಕಾಟ್ ತೀರ್ಪನ್ನು ಅಳಿಸಲು ಅಂತರ್ಯುದ್ಧದ ನಂತರ ಬರೆದದ್ದು. ಅಧಿಕಾರವ್ಯಾಪ್ತಿ ಎಂದರೆ ಪೂರ್ಣ ನಿಷ್ಠೆ, ಕಾಯಂ ವಾಸ. ತಾತ್ಕಾಲಿಕವಾಗಿ ಬಂದವರಿಗೆ ಅದಿಲ್ಲ ಎಂಬುದು ಸರ್ಕಾರದ ವಾದ. ಅಮೆರಿಕದ ಕಾನೂನು ಯಾರಿಗೆ ಅನ್ವಯವಾಗುತ್ತದೋ ಅವರೆಲ್ಲ ಒಳಗೇ; ವಿದೇಶಿ ರಾಜತಾಂತ್ರಿಕರು, ಆಕ್ರಮಣಕಾರಿ ಸೈನ್ಯ, ಆಗಿನ ಮೂಲನಿವಾಸಿ ಬುಡಕಟ್ಟುಗಳು ಮಾತ್ರ ಹೊರಗಿದ್ದವು ಎಂಬುದು ಎದುರು ವಾದ.

ಎರಡೂ ಕಡೆಯವರು ಒಬ್ಬ ಅಡುಗೆಯವನ ಹೆಸರು ಹೇಳುತ್ತಾರೆ. ವಾಂಗ್ ಕಿಮ್ ಆರ್ಕ್, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಚೀನೀ ದಂಪತಿಗೆ ಹುಟ್ಟಿದವನು. 1895ರಲ್ಲಿ ಚೀನಾದಿಂದ ವಾಪಸಾದಾಗ ನೀನು ಪ್ರಜೆಯಲ್ಲ ಎಂದು ಬಂದರಿನಲ್ಲೇ ತಡೆದರು. 1898ರಲ್ಲಿ ಸುಪ್ರೀಂ ಕೋರ್ಟ್ ಆರು–ಎರಡರಲ್ಲಿ ಅವನು ಪ್ರಜೆ ಎಂದಿತು. ಅವನ ತಂದೆತಾಯಿ ಪ್ರಜೆಗಳಾಗುವ ಅವಕಾಶವೇ ಇಲ್ಲದವರಾಗಿದ್ದರೂ ಅವನು ಪ್ರಜೆಯಾದ ಎನ್ನುತ್ತಾರೆ ಒಬ್ಬರು. ಅವರು ಅಲ್ಲೇ ಕಾಯಂ ನೆಲೆಸಿದ್ದರು, ಅದಕ್ಕೇ ಆದ ಎನ್ನುತ್ತಾರೆ ಇನ್ನೊಬ್ಬರು. ಗ್ರೀನ್ ಕಾರ್ಡ್ ಸರದಿಯಲ್ಲಿ ಹನ್ನೆರಡು ವರ್ಷದಿಂದ ನಿಂತಿರುವ ಎಚ್-1ಬಿ ದಂಪತಿ ಇವುಗಳಲ್ಲಿ ಯಾವ ಡಬ್ಬಿಗೆ ಸೇರುತ್ತಾರೆ ಎಂಬುದು ಸರ್ಕಾರದ ವಾದಕ್ಕೆ ಸುಲಭದ ಪ್ರಶ್ನೆಯಲ್ಲ.

ಯಾವ ತೀರ್ಪಿಗೆ ಏನು ಪರಿಣಾಮ

ಆದೇಶ ಸಂವಿಧಾನಕ್ಕೇ ವಿರುದ್ಧ ಎಂದು ಸುಪ್ರೀಂ ಕೋರ್ಟ್ ಹೇಳಿದರೆ ವಿಷಯ ಗಟ್ಟಿಯಾಗಿ ಮುಗಿಯುತ್ತದೆ. ಆಮೇಲೆ ಬದಲಿಸಲು ಸಂವಿಧಾನ ತಿದ್ದುಪಡಿಯೇ ಬೇಕು, 50ರಲ್ಲಿ 38 ರಾಜ್ಯಗಳು ಒಪ್ಪಬೇಕು. ಸಂಸತ್ತಿನ ಪೌರತ್ವ ಕಾಯ್ದೆಗೆ ಮಾತ್ರ ವಿರುದ್ಧ ಎಂದರೆ ಸಂಸತ್ತು ಕಾಯ್ದೆ ಬದಲಿಸುವ ಬಾಗಿಲು ತೆರೆದೇ ಇರುತ್ತದೆ, ಕಥೆ ಇನ್ನೊಂದು ಸುತ್ತು ಬರಬಹುದು. ಆದೇಶದ ವಿಷಯ ಮುಟ್ಟದೆ ಸಾಮೂಹಿಕ ದಾವೆಯೇ ಸರಿಯಿಲ್ಲ ಎಂದುಬಿಟ್ಟರೆ ಮತ್ತೆ ರಾಜ್ಯಕ್ಕೊಂದು ನ್ಯಾಯದ ಸ್ಥಿತಿ.

ಆದೇಶ ಸರಿ ಎಂದರೆ ತೊಂದರೆ ವಲಸಿಗರಿಗಷ್ಟೇ ಅಲ್ಲ. ಅಮೆರಿಕದಲ್ಲಿ ಪಾಸ್‌ಪೋರ್ಟ್‌ಗೆ ಪೌರತ್ವದ ಪುರಾವೆಯಾಗಿ ಅಲ್ಲಿನ ಜನನ ಪ್ರಮಾಣಪತ್ರ ಸಾಕಾಗುತ್ತ ಬಂದಿದೆ. ಆ ಪತ್ರ ಕೊಡುವುದು ರಾಜ್ಯಗಳು, ಅದರಲ್ಲಿ ತಂದೆತಾಯಿಯ ವೀಸಾ ಸ್ಥಿತಿ ಬರೆಯುವುದಿಲ್ಲ. ಹುಟ್ಟಿದ ಊರು ಮಾತ್ರ ಸಾಲದು ಎಂದಾದ ದಿನದಿಂದ, ತಲೆತಲಾಂತರದಿಂದ ಅಲ್ಲೇ ಇರುವ ಅಮೆರಿಕನ್ನರೂ ಮಗುವಿನ ಪಾಸ್‌ಪೋರ್ಟ್‌ಗೆ ತಮ್ಮ ದಾಖಲೆ ಹುಡುಕಬೇಕು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬಂತೆ, ಕೋರ್ಟ್ ಏನೇ ಹೇಳಿದರೂ ಕಾಗದ ಕೊಡಬೇಕಾದವರು ಫೆಡರಲ್ ಕಚೇರಿಗಳವರು. ಕೋರ್ಟಿನ ಆಜ್ಞೆ ಪಾಲನೆಯಾಗುವಂತೆ ನೋಡಿಕೊಳ್ಳುವ ಮಾರ್ಷಲ್‌ಗಳೂ ಅಧ್ಯಕ್ಷರ ನ್ಯಾಯ ಇಲಾಖೆಯ ಅಧೀನದಲ್ಲೇ ಇದ್ದಾರೆ.

2025ರ ಡಿಸೆಂಬರ್ ಹೊತ್ತಿಗೆ ಕಾಂಕರ್ಡ್‌ನ ತಡೆ ಜಾರಿಯಲ್ಲಿತ್ತು. ಎಚ್-1ಬಿ ಮೇಲಿರುವ ದಂಪತಿಗೆ ಡಲ್ಲಾಸ್‌ನಲ್ಲೋ ಫ್ರೀಮಾಂಟ್‌ನಲ್ಲೋ ಆ ತಡೆ ಇರುವವರೆಗೆ ಹುಟ್ಟುವ ಮಗು ಅಮೆರಿಕದ ಪ್ರಜೆ, ಅದಕ್ಕೆ ಅಮೆರಿಕದ ಪಾಸ್‌ಪೋರ್ಟ್, ಭಾರತಕ್ಕೆ ಬಂದುಹೋಗಲು ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್. ತೀರ್ಪು ತಿರುಗಿಬಿದ್ದರೆ ಅಂಥ ಮಕ್ಕಳಿಗೆ ಉಳಿಯುವುದು ವಂಶದ ಆಧಾರದ ಭಾರತೀಯ ಪೌರತ್ವ. ಅದು ತಾನಾಗಿ ಬರುವುದಿಲ್ಲ; ಹುಟ್ಟಿದ ಒಂದು ವರ್ಷದೊಳಗೆ ಭಾರತೀಯ ದೂತಾವಾಸದಲ್ಲಿ ನೋಂದಾಯಿಸಬೇಕು, ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲ ಎಂದು ತಂದೆತಾಯಿ ಬರೆದುಕೊಡಬೇಕು.